ಕಾಗದದ ಮೇಲೆ ಸೋತ ವಿಮಾನಗಳು

ಯುದ್ಧವಿಮಾನದ ವಿಚಾರ ಬಂದರೆ ಬೆಂಗಳೂರಿನಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. ದರ್ಶಿನಿಯಲ್ಲಿ ನಿಂತು ಬೈಟೂ ಕಾಫಿ ಕುಡಿಯುವವರಿಂದ ಹಿಡಿದು ಏರ್ ಷೋ ಪಾಸಿಗಾಗಿ ಪರಿಚಯದವರ ಪರಿಚಯದವರನ್ನು ಹುಡುಕುವವರ ತನಕ ಎಲ್ಲರಿಗೂ ಅಂಕಿಅಂಶ ಬಾಯಿಪಾಠ. "ಅದರ ಸ್ಪೀಡ್ ಎಷ್ಟು ಗೊತ್ತಾ ಸಾರ್?" ಎಂದು ಒಬ್ಬರು ಶುರುಮಾಡುತ್ತಾರೆ. "ಸ್ಪೀಡ್ ಇಟ್ಕೊಂಡು ಏನ್ ಮಾಡ್ತೀರಿ, ರೇಂಜ್ ನೋಡ್ರೀ" ಎಂದು ಪಕ್ಕದವರು ತಡೆಯುತ್ತಾರೆ. ಮೂರನೆಯವರು ರೇಡಾರಿನ ಮಾತೆತ್ತಿ ಇಬ್ಬರನ್ನೂ ಸುಮ್ಮನಾಗಿಸುತ್ತಾರೆ. ಕಾಫಿ ಆರುತ್ತದೆ, ವಿಮಾನ ಆರುವುದಿಲ್ಲ.

ಈ ಚಟದ ಮೂಲ ಟ್ರಂಪ್ ಕಾರ್ಡ್ ಆಟ ಎಂಬುದು ನನ್ನ ಬಹಳ ದಿನದ ಗುಮಾನಿ. ನಮ್ಮ ಕಾಲದ ಹುಡುಗರು ಬೇಸಿಗೆ ರಜೆಯನ್ನು ಕಳೆದದ್ದೇ ಅದರಲ್ಲಿ. ಪ್ರತಿ ಕಾರ್ಡಿನ ಮೇಲೊಂದು ವಿಮಾನದ ಚಿತ್ರ, ಕೆಳಗೆ ವೇಗ, ಎತ್ತರ, ತೂಕ, ಹಾರುವ ದೂರ. "ವೇಗ!" ಎಂದು ಕೂಗಿ ನನ್ನದು ಇಷ್ಟು ಎಂದರೆ, ಎದುರಿನವನ ಅಂಕಿ ಕಡಿಮೆಯಿದ್ದರೆ ಅವನ ಕಾರ್ಡು ನನ್ನ ಕೈಗೆ. ಆಕಾಶಯುದ್ಧ ಎಂದರೆ ಇಷ್ಟೇ ಎಂದು ನಂಬಿದ್ದೆವು. ಮಾಕ್ 2 ಬಂದರೆ ಮಾಕ್ 1 ತಲೆ ತಗ್ಗಿಸಬೇಕು. ಗಿಡ್ಡ ವಿಮಾನ, ಹಳೆಯ ವಿಮಾನ, ಒಂಟಿ ಎಂಜಿನ್ನಿನ ಬಡಪಾಯಿ ವಿಮಾನಗಳ ಕಾರ್ಡು ಕೈಗೆ ಬಂದವನ ಮುಖ ನೋಡಬೇಕಿತ್ತು. ಅದನ್ನು ಮೆಲ್ಲಗೆ ಕಟ್ಟಿನ ತಳಕ್ಕೆ ತಳ್ಳುವ ಕೈಚಳಕ ಎಲ್ಲರಿಗೂ ಗೊತ್ತಿತ್ತು, ನನಗೂ.

ದೊಡ್ಡವನಾಗಿ ಓದುತ್ತಾ ಹೋದ ಮೇಲೆ ಕಂಡದ್ದು ಬೇರೆ. ನಮ್ಮವರು ಯುದ್ಧದಲ್ಲಿ ಹಾರಿಸಿದ್ದು ಬಹುಮಟ್ಟಿಗೆ ಆ ತಳಕ್ಕೆ ತಳ್ಳುವ ಕಾರ್ಡುಗಳನ್ನೇ. ಅಂದಿನಿಂದ ನನ್ನ ಪಕ್ಷಪಾತ ಅವುಗಳ ಕಡೆಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಜಗಳವಿರುವುದಿಲ್ಲ.

ನ್ಯಾಟ್ ತೆಗೆದುಕೊಳ್ಳಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 7 ಮೀಟರೂ ಇಲ್ಲ. ಅದರ ಎದುರಾಳಿ, ಪಾಕಿಸ್ತಾನದ ಸೇಬರ್‌ನ ರೆಕ್ಕೆ 11 ಮೀಟರ್ ದಾಟುತ್ತದೆ. ಇದನ್ನು ರೂಪಿಸಿದ ಇಂಗ್ಲಿಷ್ ವಿನ್ಯಾಸಗಾರ ಟೆಡ್ಡಿ ಪೆಟರ್ ವಿಚಿತ್ರ ಆಸಾಮಿ. ಕ್ಯಾನ್‌ಬೆರಾದಂಥ ದೊಡ್ಡ ಬಾಂಬರ್ ಮಾಡಿ ಹೆಸರು ಗಳಿಸಿದವರು, ಇದ್ದಕ್ಕಿದ್ದಂತೆ ಯುದ್ಧವಿಮಾನಗಳು ವಿನಾಕಾರಣ ದಪ್ಪಗಾಗುತ್ತಿವೆ, ದುಬಾರಿಯಾಗುತ್ತಿವೆ ಎಂದು ಸಿಟ್ಟಾದರು. ಫಾಲಂಡ್ ಎಂಬ ಚಿಕ್ಕ ಕಂಪನಿಗೆ ಹೋಗಿ ಚಿಕ್ಕ ವಿಮಾನ ಮಾಡಿದರು. ನ್ಯಾಟ್‌ನಲ್ಲಿ ವೇಗ ತಗ್ಗಿಸುವ ಪ್ರತ್ಯೇಕ ಬ್ರೇಕಿಗೂ ಜಾಗ ಕೊಡಲಿಲ್ಲ. ಇಳಿಯುವ ಚಕ್ರಗಳನ್ನೇ ಅರ್ಧ ಹೊರಚಾಚಿದರೆ ಗಾಳಿಗೆ ಅಡ್ಡವಾಗಿ ವೇಗ ತಗ್ಗಬೇಕು, ಅಷ್ಟೆ. ಇಂಥ ಜುಗ್ಗತನ ನನಗೆ ಬಹಳ ಹಿಡಿಸುತ್ತದೆ. ಆದರೆ ಬ್ರಿಟನ್ನಿನ ವಾಯುಪಡೆಗೆ ಹಿಡಿಸಲಿಲ್ಲ. ಅವರು ತರಬೇತಿಗೆ ಎರಡು ಸೀಟಿನ ನ್ಯಾಟ್ ಮಾತ್ರ ಕೊಂಡು, ಮುಂದೆ ಕೆಂಪು ಬಣ್ಣ ಬಳಿದು ಕಸರತ್ತು ಪ್ರದರ್ಶನಕ್ಕೆ ಬಿಟ್ಟರು. ಪೆಟರ್ ಕೊನೆಗೆ ವಿಮಾನಗಳ ಸಹವಾಸವೇ ಬೇಡವೆಂದು ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ಧಾರ್ಮಿಕ ಸಮುದಾಯ ಸೇರಿಕೊಂಡರು. ಹಾಲಿವುಡ್‌ನವರು 1991ರಲ್ಲಿ 'ಹಾಟ್ ಷಾಟ್ಸ್' ಎಂಬ ನಗೆಚಿತ್ರ ಮಾಡಿದಾಗ ಅಮೆರಿಕದ ನೌಕಾಪಡೆಯ ವಿಮಾನಗಳೆಂದು ತೋರಿಸಿದ್ದು ಇವೇ ನ್ಯಾಟ್‌ಗಳನ್ನು. ನೋಡಿದವರು ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಯುದ್ಧವಿಮಾನವಾಗಿ ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು ಇಂಡಿಯಾ. 1956ರಲ್ಲಿ ಒಪ್ಪಂದವಾಯಿತು, ನಮ್ಮ ಬಹುಪಾಲು ನ್ಯಾಟ್‌ಗಳು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ನಮ್ಮ ಹಿಂದಿನ ಬೀದಿಯಲ್ಲಿ ಅಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನ್ಯಾಟ್ ಎಂದರೆ ಸಾಕು, ಅವರು ಬೈಯಲು ಶುರುಮಾಡುತ್ತಾರೆ.

"ಅದರೊಳಗೆ ಕೈ ಹಾಕೋಕೆ ಜಾಗ ಎಲ್ಲಿತ್ತಪ್ಪಾ? ಒಂದು ನಟ್ಟು ಬಿಚ್ಚೋಕೆ ನಾಲ್ಕು ಪೈಪು ಬಿಚ್ಚಬೇಕು. ಸಣ್ಣ ಕೈಯವನನ್ನ ಹುಡುಕ್ಕೊಂಡು ಬರ್ತಿದ್ವಿ."

"ಸೇಬರ್‌ಗಳನ್ನ ಉರುಳಿಸಿತಲ್ಲ ಸಾರ್?"

"ಉರುಳಿಸ್ತು. ಬೆರಳು ಚರ್ಮ ಕಿತ್ತು ಹೋಗಿದ್ದು ನಂದು."

ಪೈಲಟ್‌ಗಳಿಗೂ ಅದು ಸಲೀಸಾದ ವಾಹನವಾಗಿರಲಿಲ್ಲ. ಗನ್ನುಗಳು ಬೇಕಾದ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಮೂತಿ ಏರಿಸಿ ಇಳಿಸುವ ನಿಯಂತ್ರಣ ಕೈಕೊಟ್ಟು ಜೀವಗಳೂ ಹೋಗಿವೆ. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಒಂದು ಸೇಬರನ್ನು ಹೊಡೆದರೆಂದು ನಮ್ಮಲ್ಲಿ ಸಂಭ್ರಮವೋ ಸಂಭ್ರಮ. ಪಾಕಿಸ್ತಾನದವರು ಆ ಸೇಬರ್ ಏಟು ತಿಂದರೂ ಕುಂಟುತ್ತಾ ಮನೆ ಸೇರಿತು ಎನ್ನುತ್ತಾರೆ. ಅದೇ ದಿನ ನಮ್ಮ ಇನ್ನೊಂದು ನ್ಯಾಟ್ ಸೀದಾ ಹೋಗಿ ಪಾಕಿಸ್ತಾನದ ಪಸ್ರೂರ್ ಎಂಬ ಬಯಲಿನಲ್ಲಿ ಇಳಿದುಬಿಟ್ಟಿತು. ಪೈಲಟ್ ಸಿಕಂದ್ ದಾರಿ ತಪ್ಪಿ, ಅದು ನಮ್ಮದೇ ನೆಲವೆಂದು ಇಳಿದರೆಂಬುದು ಒಂದು ಕತೆ. ತಮ್ಮ ಸ್ಟಾರ್‌ಫೈಟರ್ ಬೆದರಿಸಿ ಇಳಿಸಿತೆಂಬುದು ಆ ಕಡೆಯ ಕತೆ. ಆ ನ್ಯಾಟ್ ಈಗಲೂ ಕರಾಚಿಯ ವಾಯುಪಡೆ ಸಂಗ್ರಹಾಲಯದಲ್ಲಿದೆ. ವಾಯುಯುದ್ಧದ ಲೆಕ್ಕಗಳೇ ಹೀಗೆ. ಎರಡೂ ಕಡೆಯ ಪುಸ್ತಕ ಪಕ್ಕಪಕ್ಕ ಇಟ್ಟು ಓದಿದರೆ ಇವರಿಬ್ಬರೂ ಒಂದೇ ಯುದ್ಧ ಮಾಡಿದರೇ ಎಂಬ ಅನುಮಾನ ಬರುತ್ತದೆ.

ಯಾರೂ ಅಲ್ಲಗಳೆಯದ ಒಂದು ಪ್ರಕರಣವಿದೆ. 1971ರ ನವೆಂಬರ್ 22, ಬಾಂಗ್ಲಾ ಗಡಿಯ ಬೊಯ್ರಾ. ಯುದ್ಧ ಇನ್ನೂ ಅಧಿಕೃತವಾಗಿ ಶುರುವಾಗಿರಲಿಲ್ಲ. ಕಲ್ಕತ್ತದ ಡಮ್‌ಡಮ್‌ನಿಂದ ನಾಲ್ಕು ನ್ಯಾಟ್‌ಗಳು ಎದ್ದವು. ಮ್ಯಾಸಿ, ಗಣಪತಿ, ಲಾಜರಸ್, ಸೋರೆಸ್. ಕೆಲವೇ ನಿಮಿಷದಲ್ಲಿ ಆಟ ಮುಗಿದು ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆಸಿಕ್ಕರು. ಅವರಲ್ಲೊಬ್ಬರು ಪರ್ವೇಜ್ ಮೆಹ್ದಿ ಕುರೇಶಿ. ಸುಮಾರು ಕಾಲು ಶತಮಾನದ ನಂತರ ಅವರು ಪಾಕಿಸ್ತಾನದ ವಾಯುಪಡೆಗೆ ಮುಖ್ಯಸ್ಥರಾದರು. ಸೋತವನಿಗೂ ಮುಂದೆ ಬಡ್ತಿ ಇದೆ ಎಂದು ತಿಳಿದು ನನಗೆ ಒಂಥರಾ ಸಮಾಧಾನ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮನುಷ್ಯನ ಬಳಿಗೆ ಬರುತ್ತೇನೆ.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932, ವಾಯುಪಡೆ ಸೇರಿದ್ದು 1954. 1965ರ ಯುದ್ಧದ ಹೊತ್ತಿಗೆ ಸ್ಕ್ವಾಡ್ರನ್ ಲೀಡರ್. ಹೊಸಬರಿಗೆ ಹಾರಾಟ ಹೇಳಿಕೊಡುವ ಮೇಷ್ಟರ ಕೆಲಸದಲ್ಲಿದ್ದವರನ್ನು ಯುದ್ಧಕ್ಕೆಂದು 1ನೇ ಸ್ಕ್ವಾಡ್ರನ್ನಿಗೆ ಕಳಿಸಿದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಡಬೇಕು, ನಾಯಕ ವಿಂಗ್ ಕಮಾಂಡರ್ ತನೇಜಾ. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಜಾಗ ತುಂಬಲೆಂದು ಮೀಸಲಿಗೆ ಕೂರಿಸಿದ್ದರು. ಮದುವೆ ಊಟದಲ್ಲಾದರೂ ಕೊನೇ ಪಂಕ್ತಿಯವನಿಗೆ ಊಟ ಖಾತ್ರಿ. ಇಲ್ಲಿ ಅದೂ ಇಲ್ಲ. ಒಂದು ವಿಮಾನ ಕೈಕೊಟ್ಟಿತು, ದೇವಯ್ಯ ಎದ್ದರು.

ಸರ್ಗೋಧಾ ಮಿಸ್ಟೇರ್‌ನ ಕೈಗೆ ಎಟುಕುವ ದೂರದ ಕೊನೆಯಂಚು. ಹೋಗಿ, ಹೊಡೆದು, ತಿರುಗಿ ಬರುವಷ್ಟಕ್ಕೆ ಇಂಧನ ಬಿಗಿ. ದಾರಿಯಲ್ಲಿ ಯಾರೊಂದಿಗಾದರೂ ಕಾದಾಡಿದರೆ ಮನೆ ಸೇರುವುದು ಅನುಮಾನ. ದಾಳಿ ಮುಗಿಸಿ ತಿರುಗಿದವರ ಬೆನ್ನಿಗೆ ಬಿದ್ದದ್ದು ಸ್ಟಾರ್‌ಫೈಟರ್, ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ನಮ್ಮ ಟ್ರಂಪ್ ಕಾರ್ಡಿನ ಭಾಷೆಯಲ್ಲಿ ಇದು ಶುರುವಾಗುವ ಮುಂಚೆಯೇ ಮುಗಿದ ಆಟ. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಮನುಷ್ಯ ಕೂತ ಕ್ಷಿಪಣಿ ಎಂದೇ ಅದನ್ನು ಮಾಡಿದವರು ಜಾಹೀರಾತು ಕೊಟ್ಟಿದ್ದರು. ಅದರ ರೆಕ್ಕೆಯ ಅಂಚು ಎಷ್ಟು ತೆಳುವೆಂದರೆ ನೆಲದ ಮೇಲಿದ್ದಾಗ ಕೆಲಸಗಾರರ ಮೈ ಕೊಯ್ಯಬಾರದೆಂದು ಕವಚ ಹಾಕಿಡುತ್ತಿದ್ದರು. ಮಿಸ್ಟೇರ್ ಫ್ರಾನ್ಸಿನ ಹಿಂದಿನ ತಲೆಮಾರಿನ ವಿಮಾನ. ಮಟ್ಟಸವಾಗಿ ಹಾರುವಾಗ ಶಬ್ದದ ವೇಗ ಮುಟ್ಟಲೂ ಆಗದು, ಮುಟ್ಟಬೇಕೆಂದರೆ ಮೂತಿ ಕೆಳಗೆ ಮಾಡಿ ಧುಮುಕಬೇಕು.

ಆದರೆ ಕಾರ್ಡಿನ ಮೇಲೆ ಅಚ್ಚು ಹಾಕದ ಒಂದು ಅಂಕಿಯಿತ್ತು. ತಿರುಗುವುದು. ಸ್ಟಾರ್‌ಫೈಟರ್‌ನ ಗಿಡ್ಡ ರೆಕ್ಕೆ ನೆಟ್ಟನೆ ಓಡುವುದಕ್ಕೆ ಹೇಳಿ ಮಾಡಿಸಿದ್ದು. ಕೆಳಮಟ್ಟದಲ್ಲಿ, ವೇಗ ತಗ್ಗಿಸಿಕೊಂಡು, ಬಿಗಿಯಾಗಿ ಸುತ್ತು ಹೊಡೆಯಬೇಕಾಗಿ ಬಂದರೆ ಹೆದ್ದಾರಿಯ ಲಾರಿಯನ್ನು ಅವೆನ್ಯೂ ರಸ್ತೆಯ ಸಂದಿಗೆ ತಿರುಗಿಸಿದಂತೆ. ಅಮ್ಜದ್ ಹೊಡೆದ ಗುಂಡು ಮಿಸ್ಟೇರ್‌ಗೆ ತಗುಲಿತು. ಅಲ್ಲಿಗೆ ಮುಗಿಯಿತೆಂದು ಅವರು ಭಾವಿಸಿದರೆ ಅದು ತಪ್ಪೂ ಅಲ್ಲ. ಆದರೆ ಏಟು ತಿಂದ ವಿಮಾನವನ್ನೇ ದೇವಯ್ಯ ಎದುರಾಳಿಯ ಮೇಲೆ ತಿರುಗಿಸಿದರು. ಮಿಸ್ಟೇರ್‌ನ ಮೂತಿಯಲ್ಲಿದ್ದದ್ದು 30 ಮಿಲಿಮೀಟರಿನ ಎರಡು ಗನ್ನು. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟ್‌ನಲ್ಲಿ ಹೊರಬಿದ್ದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಜೊತೆಗಾರರಲ್ಲಿ ಒಬ್ಬರೂ ಇದನ್ನು ಕಾಣಲಿಲ್ಲ. ಇಳಿದು ಎಣಿಸಿದಾಗ ಒಂದು ಕಡಿಮೆ, ಅಷ್ಟೆ. ಕಡತದಲ್ಲಿ ಬರೆದದ್ದು 'ನಾಪತ್ತೆ'. ಹದಿನಾಲ್ಕು ವರ್ಷ ಹಾಗೇ ಇತ್ತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಮಾಹಿತಿ ಪಡೆದು ಬರೆದ ಪುಸ್ತಕ ಹೊರಬಂತು. ಅದರಲ್ಲಿ ಸ್ಟಾರ್‌ಫೈಟರ್ ಮಿಸ್ಟೇರ್ ಒಂದರೊಡನೆ ಕಾದಾಡಿ ಬಿದ್ದ ಸಂಗತಿಯಿತ್ತು. ಆ ದಿನ ಆ ಜಾಗದಲ್ಲಿ ಮರಳದೆ ಉಳಿದ ಮಿಸ್ಟೇರ್ ಯಾವುದು ಎಂದು ಕೇಳಿದರೆ ಉತ್ತರ ಒಂದೇ. ಆಮೇಲೆ ಪತ್ರಗಳು ಓಡಾಡಿದವು, ತನೇಜಾ ಅವರೂ ಬೆನ್ನುಹತ್ತಿದರು, ಕಡತಗಳು ಅವುಗಳ ಮಾಮೂಲಿ ವೇಗದಲ್ಲಿ ಮೇಜಿನಿಂದ ಮೇಜಿಗೆ ಹೋದವು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಕೈಗೆ ತೆಗೆದುಕೊಂಡದ್ದು ಪತ್ನಿ ಸುಂದರಿ ದೇವಯ್ಯ. ಯುದ್ಧ ನಡೆದು 23 ವರ್ಷವಾಗಿತ್ತು.

ನಮ್ಮವನ ಪರಾಕ್ರಮದ ಸಾಕ್ಷಿ ಎದುರಾಳಿಯ ದಫ್ತರದಿಂದ ಬರಬೇಕಾಯಿತು. ಇದರಲ್ಲಿ ನಮ್ಮವರನ್ನು ಹಳಿಯುವುದಕ್ಕೆ ಏನೂ ಇಲ್ಲ, ಕಾಣದ್ದನ್ನು ಯಾರು ಬರೆಯುತ್ತಾರೆ? ಆದರೆ ಆಚೆಯವರು ಬೇಕಿದ್ದರೆ ಮುಚ್ಚಿಟ್ಟುಕೊಳ್ಳಬಹುದಿತ್ತು. ತಮ್ಮ ಅತ್ಯುತ್ತಮ ವಿಮಾನ ಹಿಂದಿನ ತಲೆಮಾರಿನದರ ಕೈಯಲ್ಲಿ ಬಿತ್ತೆಂದು ಹೇಳಿಕೊಳ್ಳುವುದು ಯಾವ ಸೈನ್ಯಕ್ಕೂ ಸುಖದ ಮಾತಲ್ಲ. ಅಮ್ಜದ್ ಹುಸೇನರ ಕತೆ ಅಲ್ಲಿಗೆ ನಿಲ್ಲಲಿಲ್ಲ ಎಂಬುದು ಇನ್ನೊಂದು ಸ್ವಾರಸ್ಯ. 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್ ಹತ್ತಿ ಅಮೃತಸರದ ಮೇಲೆ ಬಂದವರು ನೆಲದ ಗುಂಡಿಗೆ ಸಿಕ್ಕಿ ಮತ್ತೆ ಹೊರಗೆ ಹಾರಿ, ಈ ಸಲ ನಮ್ಮವರ ಕೈಗೆ ಸೆರೆಯಾದರು. ಎರಡು ಯುದ್ಧ, ಎರಡು ಸ್ಟಾರ್‌ಫೈಟರ್, ಎರಡು ಪ್ಯಾರಾಚೂಟ್. ಅವರಿಗೆ ಆಯಸ್ಸು ಗಟ್ಟಿಯಿತ್ತು.

ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ಈ ಘಟನೆಯ ನೆರಳಿನಲ್ಲೇ ತಯಾರಾದದ್ದು. ನಾಯಕನ ಹೆಸರು ಮಾತ್ರ ಬೇರೆ. ಕೊಡವ ಹೆಸರನ್ನೇ ಇಟ್ಟಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಕೊಡಗಿನ ಗೆಳೆಯರ ತಕರಾರು. ನನ್ನದೂ ಅದೇ.

ಕೊಡಗಿನ ಮಾತು ಬಂದಮೇಲೆ ಕಾರ್ಯಪ್ಪನವರನ್ನು ಬಿಡುವ ಹಾಗಿಲ್ಲ. ಜನರಲ್ ಕಾರ್ಯಪ್ಪನವರ ಮಗ ನಂದಾ, ಅಂದರೆ ಕೆ. ಸಿ. ಕಾರ್ಯಪ್ಪ, ಅದೇ ಯುದ್ಧದಲ್ಲಿ ಹಂಟರ್ ವಿಮಾನದ ಪೈಲಟ್. ಕದನವಿರಾಮಕ್ಕೆ ಒಂದು ದಿನವೂ ಇಲ್ಲ ಎನ್ನುವಾಗ, ಸೆಪ್ಟೆಂಬರ್ 22ರಂದು, ವಿಮಾನಕ್ಕೆ ನೆಲದ ಗುಂಡು ಬಿದ್ದು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ತಂದೆಯ ಕೈಕೆಳಗೆ ದುಡಿದವರು. ಮಗನನ್ನು ಬಿಡಿಸಿಕೊಡುವ ಮಾತು ಬಂದಾಗ ತಂದೆ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬರ್ಥದಲ್ಲಿ ಹೇಳಿದರೆಂಬುದು ಪ್ರಸಿದ್ಧ. ಮಗ ಮರಳಿದ್ದು 1966ರ ಜನವರಿಯಲ್ಲಿ, ಉಳಿದವರ ಜೊತೆಗೆ. ಈ ಕತೆಯನ್ನು ಎಲ್ಲರೂ ತಂದೆಯ ಕಡೆಯಿಂದ ಹೇಳುತ್ತಾರೆ. ಮಗನಿಗೆ ಆ ನಾಲ್ಕು ತಿಂಗಳು ಹೇಗಿತ್ತೆಂದು ಕೇಳುವವರು ಕಡಿಮೆ.

ಮೈಸೂರಿಗೂ ಆಕಾಶಕ್ಕೂ ನಂಟು ಇನ್ನೂ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಮೈಸೂರಿನ ಮಹಾರಾಜರು ಕೊಟ್ಟ ಹಣದ ನೆನಪಿಗೆ ಬ್ರಿಟಿಷ್ ವಾಯುಪಡೆಯಲ್ಲಿ '129 (ಮೈಸೂರು) ಸ್ಕ್ವಾಡ್ರನ್' ಎಂಬ ದಳವೇ ಇತ್ತು. 1941ರಲ್ಲಿ ಕಟ್ಟಿದ್ದು, ಲಾಂಛನ ನಮ್ಮ ಗಂಡಭೇರುಂಡ. ಇಂಗ್ಲೆಂಡಿನ ಮಂಜಿನಲ್ಲಿ ಸ್ಪಿಟ್‌ಫೈರ್ ಹಾರಿಸುವ ಬಿಳಿಯ ಹುಡುಗರು ಎರಡು ತಲೆಯ ಈ ಹಕ್ಕಿಯನ್ನು ನೋಡಿ ಏನೆಂದುಕೊಂಡರೋ! 1942ರಲ್ಲಿ ಫ್ರಾನ್ಸಿನ ಡಿಯೆಪ್ ದಾಳಿಯಲ್ಲಿ ಈ ದಳವೂ ಇತ್ತು. ಆ ವರ್ಷ ಸ್ಪಿಟ್‌ಫೈರ್‌ಗಳ ನಿದ್ದೆಗೆಡಿಸಿದ್ದು ಜರ್ಮನಿಯ ಫಾಕೆ-ವುಲ್ಫ್ 190. ಅದರ ವಿನ್ಯಾಸಗಾರ ಕುರ್ಟ್ ಟಾಂಕ್.

ಈ ಟಾಂಕ್ ಸಾಹೇಬರು 1956ರಲ್ಲಿ ಬಂದಿಳಿದದ್ದು ಎಲ್ಲಿಗೆ ಎನ್ನುತ್ತೀರಿ? ನಮ್ಮ ಮೈಸೂರು ರಾಜ್ಯದ ಬೆಂಗಳೂರಿಗೆ. ಸೋತ ಜರ್ಮನಿಯಲ್ಲಿ ವಿಮಾನ ಮಾಡುವ ಹಾಗಿರಲಿಲ್ಲ. ಅರ್ಜೆಂಟೀನಾಕ್ಕೆ ಹೋದರು, ಅಲ್ಲಿಯ ರಾಜಕೀಯ ತಿರುಗುಮುರುಗಾಯಿತು, ನೆಹರೂ ಸರಕಾರ ಕರೆಯಿತು. ಎಚ್‌ಎಎಲ್‌ನಲ್ಲಿ ಅವರು ರೂಪಿಸಿದ ಎಚ್‌ಎಫ್-24 ಮಾರುತ್ ನೋಡಲು ಎಷ್ಟು ಚೆಂದವೆಂದರೆ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿ ಧೂಳು ತಿನ್ನುತ್ತಾ ನಿಂತಾಗಲೂ ಈಗಲೋ ಆಗಲೋ ಹೊರಡುವ ಹಾಗಿದೆ. ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. ಮೈ ಮಾಡಿದ್ದು ಶಬ್ದಾತೀತ ವೇಗಕ್ಕೆ. ಅದಕ್ಕೆ ತಕ್ಕ ಎಂಜಿನ್ ಬ್ರಿಟನ್ನಿನಲ್ಲಿ ಅರ್ಧಕ್ಕೆ ನಿಂತಿತು, ಮುಂದುವರಿಸಲು ಬೇಕಾದ ಹಣ ನಾವು ಕೊಡಲಿಲ್ಲ. ಕೊನೆಗೆ ನ್ಯಾಟ್‌ಗೆ ಹಾಕುತ್ತಿದ್ದ ಆರ್ಫಿಯಸ್ ಜಾತಿಯ ಎಂಜಿನ್ನನ್ನೇ ಎರಡು ಜೋಡಿಸಿದರು. "ಆ ಮೈಗೆ ತಕ್ಕ ಉಸಿರು ಸಿಗಲಿಲ್ಲ ಕಣಪ್ಪಾ" ಎನ್ನುತ್ತಾರೆ ನಮ್ಮ ಫಿಟ್ಟರ್. ಅವರು ಮೆತ್ತಗಾಗುವುದು ಮಾರುತ್ ವಿಷಯದಲ್ಲಿ ಮಾತ್ರ.

ಉಸಿರು ಸಾಲದಿದ್ದರೂ 1971ರಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಅದು ಸರಿಯಾಗಿಯೇ ದುಡಿಯಿತು. ಕೆಳಮಟ್ಟದಲ್ಲಿ ಅಲುಗಾಡದೆ ಹಾರುತ್ತಿತ್ತು; ಒಂದು ಎಂಜಿನ್ ಹೋದರೂ ಇನ್ನೊಂದರ ಮೇಲೆ ಮನೆ ಸೇರಿದ್ದುಂಟು. ಆ ಯುದ್ಧದಲ್ಲಿ ಎದುರಾಳಿ ವಿಮಾನದೊಡನೆ ಆಕಾಶದಲ್ಲಿ ಕಾದಾಡಿ ಬಿದ್ದ ಮಾರುತ್ ಒಂದೂ ಇಲ್ಲ. ಎಂಜಿನ್ನಿನ ಕೊರತೆ ನೀಗಿಸುವ ಪ್ರಯತ್ನ ಆ ಯುದ್ಧಕ್ಕೂ ಮುಂಚಿನಿಂದ ನಡೆದೇ ಇತ್ತು. 1970ರ ಜನವರಿಯಲ್ಲಿ ಹೆಚ್ಚಿನ ನೂಕುಬಲ ಕೊಡಲೆಂದು ಬದಲಿಸಿದ ಮಾರುತ್ ಒಂದನ್ನು ಪರೀಕ್ಷಿಸಲು ಹೊರಟ ಸುರಂಜನ್ ದಾಸ್ ನೆಲ ಬಿಟ್ಟ ಕೂಡಲೇ ಬಿದ್ದು ತೀರಿಕೊಂಡರು. ಹಳೆಯ ಏರ್‌ಪೋರ್ಟ್ ಪಕ್ಕದ ಸುರಂಜನ್ ದಾಸ್ ರಸ್ತೆ ಅವರದೇ. ದಿನವೂ ಅಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಶಪಿಸುವ ಸಾವಿರಾರು ಮಂದಿಯಲ್ಲಿ ಅವರನ್ನು ಯಾವುದೋ ಬಂಗಾಳಿ ಕವಿ ಎಂದುಕೊಂಡವರನ್ನು ನಾನು ಕಂಡಿದ್ದೇನೆ.

ಎಚ್‌ಎಎಲ್ ಶುರುವಾದದ್ದೇ ಯುದ್ಧದಿಂದ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಕಾರ್ಖಾನೆ ತೆರೆಯಲು ಜಾಗ ಹುಡುಕುತ್ತಿದ್ದಾಗ ಮೈಸೂರು ಸಂಸ್ಥಾನ ಜಮೀನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. 1943ರಲ್ಲಿ ಅಮೆರಿಕದವರು ಅದನ್ನು ವಹಿಸಿಕೊಂಡು ದುರಸ್ತಿ ನೆಲೆ ಮಾಡಿಕೊಂಡರು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆಂದು ಬರುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಹೌದು, ನೊರೆಗೂ ಬೆಂಕಿಗೂ ಹೆಸರಾದ ಅದೇ ಬೆಳ್ಳಂದೂರು ಕೆರೆ. ಈಗ ಇಳಿದರೆ ವಿಮಾನ ತೊಳೆದು ಕೊಟ್ಟ ಹಾಗೂ ಆಗುತ್ತದೆ.

ಯುದ್ಧ ಮುಗಿದಾಗ ಬ್ರಿಟಿಷರ ಬಳಿ ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳ ದೊಡ್ಡ ರಾಶಿ ಉಳಿಯಿತು. ನಾಲ್ಕು ಎಂಜಿನ್ನಿನ ಅಮೆರಿಕನ್ ದೈತ್ಯಗಳು. ಸಾಲದ ಕರಾರಿನಲ್ಲಿ ಬಂದವು; ಹಿಂದಿರುಗಿಸಬೇಕು, ಇಲ್ಲವೇ ಯಾರ ಉಪಯೋಗಕ್ಕೂ ಬಾರದಂತೆ ಹಾಳುಮಾಡಬೇಕು. ಅವರು ಶ್ರದ್ಧೆಯಿಂದ ಹಾಳುಮಾಡಿದರು. ಉಪಕರಣಗಳನ್ನು ಗುದ್ದಲಿಯಿಂದ ಜಜ್ಜಿ, ಎಂಜಿನ್ನುಗಳಿಗೆ ಮರಳು ಸುರಿದು ಹೋದರು. ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಾದಾಗ ಎಚ್‌ಎಎಲ್‌ನವರು ಆ ಗುಜರಿಯೊಳಗೆ ನುಗ್ಗಿದರು. ಒಂದರ ಬಾಲ, ಇನ್ನೊಂದರ ಎಂಜಿನ್, ಮೂರನೆಯದರ ಚಕ್ರ ಸೇರಿಸಿ, ಹಾರುವಷ್ಟಕ್ಕೆ ಕಟ್ಟಿ, ಪೂರ್ತಿ ದುರಸ್ತಿಗೆ ಬೆಂಗಳೂರಿಗೆ ತಂದರು. ತಂದವರು ಕಂಪನಿಯ ಪೈಲಟ್ ಜಿಮ್ಮಿ ಮುನ್ಶಿ. ಅಂಥ ವಿಮಾನದಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ಒಮ್ಮೆ ಬಂದರೆ ಧೈರ್ಯ ಎನ್ನಬಹುದು. ಮುನ್ಶಿ ನಲವತ್ತರಷ್ಟು ವಿಮಾನ ಹಾಗೆ ತಂದರು. ಅದಕ್ಕೆ ಏನೆನ್ನಬೇಕೋ! ಗುಂಡಿನ ಮುಂದೆ ನಿಂತವರಿಗೆ ಪದಕವಿದೆ. ಇಂಥವರಿಗೆ ಪೆನ್ಷನ್ ಇದೆ.

1948ರ ನವೆಂಬರಿನಲ್ಲಿ ಆ ವಿಮಾನಗಳಿಂದಲೇ ನಮ್ಮ 5ನೇ ಸ್ಕ್ವಾಡ್ರನ್ ಕಟ್ಟಿದರು. 1968ರ ತನಕ, ಮಾಡಿದವರೇ ಮರೆತುಬಿಟ್ಟ ಮೇಲೂ, ಲಿಬರೇಟರ್‌ಗಳು ನಮ್ಮ ವಾಯುಪಡೆಯಲ್ಲಿ ಹಾರುತ್ತಿದ್ದವು. ಅಮೆರಿಕ ಯುದ್ಧಕಾಲದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರ್ ಮಾಡಿತ್ತು, ಯುದ್ಧ ಮುಗಿದದ್ದೇ ತಡ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿತ್ತು. ಮುಂದೆ ಸಂಗ್ರಹಾಲಯಗಳಿಗೆ ಇಡಲು ಒಂದು ಬೇಕೆಂದಾಗ ಹುಡುಕಿಕೊಂಡು ಬಂದದ್ದು ಇಂಡಿಯಾಕ್ಕೆ. ಅರಿಜೋನಾದ ಪೀಮಾ ಸಂಗ್ರಹಾಲಯದ್ದು 1969ರಲ್ಲಿ ಇಲ್ಲಿಂದ ಹಾರಿಕೊಂಡು ಹೋದದ್ದು. ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯಕ್ಕೆ 1974ರಲ್ಲಿ ನಾವೇ ಒಂದನ್ನು ಉಡುಗೊರೆಯಾಗಿ ಕೊಟ್ಟೆವು. ಅದೂ ಇಲ್ಲಿಂದ ಅಲ್ಲಿಗೆ ಹಾರಿಕೊಂಡೇ ಹೋಯಿತು. ಇದನ್ನು ನಮ್ಮ ಫಿಟ್ಟರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಿಲ್ ಕಳಿಸಿದ್ರಾ?"